170 ಘಂಟೆಯ ಚಿತ್ರ... ಕಥಾನಾಯಕ ನಾನೇ!

ಮೂರು ಘಂಟೆಯ ಚಿತ್ರವೇ ಉದ್ದವಾಯಿತು ಎಂದು ಗೊಣಗುವ ಕಾಲ ಇದು. ಇಂಥ ಕಾಲದಲ್ಲಿ 170 ಘಂಟೆಯ ಚಿತ್ರವೊಂದನ್ನು ಕೂತು ಮುಗಿಸಿದೆ ಅಂದರೆ ನಂಬ್ತೀರಾ? ನಂಬಲೇಬೇಕು ಸ್ವಾಮೀ! ಇದರಲ್ಲಿ ಮಧ್ಯಂತರವಿಲ್ಲ, ಕಡ್ಲೆಕಾಯಿ ಮಾರುವವನಿಲ್ಲ, ಬಾಗಿಲಲ್ಲಿ ಟಿಕೆಟ್ ಹರಿಯುವವನಿಲ್ಲ. ಕಥಾನಾಯಕ ಎತ್ತ ಹೋಗಬೇಕು, ಯಾರಿಗೆ ಏನು ಉತ್ತರ ಕೊಡಬೇಕು, ಯಾರನ್ನು ಹೊಡೆಯಬೇಕು, ಯಾರನ್ನು ಬಿಡಬೇಕು... ಎಲ್ಲವೂ ನೋಡುವವನ ಹೆಬ್ಬೆರಳಿನಲ್ಲೇ!

ಇದು ಸಿನಿಮಾ ಅಲ್ಲ, ವಿಡಿಯೋ ಗೇಮ್. ಹೆಸರು 'ದಿ ವಿಚರ್ 3: ವೈಲ್ಡ್ ಹಂಟ್'. ಪೋಲೆಂಡ್ ದೇಶದ ವಾರ್ಸಾ ನಗರದ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಸಂಸ್ಥೆ ತಯಾರಿಸಿ 2015ರ ಮೇ 19ರಂದು ಬಿಡುಗಡೆ ಮಾಡಿತು. 2023ರ ಹೊತ್ತಿಗೆ 5 ಕೋಟಿ ಪ್ರತಿ ಮಾರಾಟವಾಯಿತೆಂದು ಸಂಸ್ಥೆಯೇ ಪ್ರಕಟಿಸಿತು. ಯಾವ ಚಿತ್ರ ಎಷ್ಟು ದಿನ ಓಡಿತು ಎಂದು ಬಾಯಿಪಾಠ ಹೇಳುವ ನಮ್ಮಂಥವರು ಇದನ್ನೂ ಸ್ವಲ್ಪ ಲೆಕ್ಕಕ್ಕೆ ಹಿಡಿಯಬೇಡವೇ?

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಊರು ಅರಸೀಕೆರೆ. ವಯಸ್ಸು 54. ವಿಡಿಯೋ ಗೇಮು ಹುಡುಗರ ಸಹವಾಸ ಅಂದುಕೊಂಡಿದ್ದವನೇ. ಮನೆ ಮಹಡಿ ಮೆಟ್ಟಿಲಲ್ಲಿ ಕಾಲು ಜಾರಿ ಮೂಳೆ ಮುರಿಯಿತು. "ಮೂರು ತಿಂಗಳು ಕಾಲು ಊರಬೇಡಿ" ಅಂದರು ಡಾಕ್ಟರು. ದಿನಕ್ಕೆ ಮುನ್ನೂರು ಕಿಲೋಮೀಟರ್ ನಿಂತುಕೊಂಡೇ ಓಡಾಡಿದವನನ್ನು ಮಂಚದ ಮೇಲೆ ಕೂರಿಸಿದರೆ ಏನಾಗಬೇಡ? ಮೊದಲ ವಾರಕ್ಕೇ ಮನೆಯವರ ಮೇಲೆಲ್ಲ ರೇಗಾಟ. ತಂಗಿ ಮಗ ನೋಡಲಿಕ್ಕಾಗಲಿಲ್ಲವೇನೋ, ತನ್ನ ಹಳೆ ಪ್ಲೇಸ್ಟೇಷನ್ 4 ತಂದು ಟೀವಿಗೆ ಸಿಕ್ಕಿಸಿ, "ಮಾವ, ಇದೊಂದ್ಸಲ ನೋಡಿ. ಕುದುರೆ ಮೇಲೆ ಊರೂರು ಸುತ್ತೋದು. ನಿಮ್ಮ ಕೆಲಸವೇ!" ಅಂದ.

ಅವನು ಹೇಳಿದ್ದು ನಿಜವೇ ಆಯಿತು. ಕಥಾನಾಯಕ ಗೆರಾಲ್ಟ್. ಬಿಳಿ ಕೂದಲು, ಬೆಕ್ಕಿನ ಕಣ್ಣು, ಬೆನ್ನ ಮೇಲೆ ಎರಡು ಕತ್ತಿ... ಒಂದು ಮನುಷ್ಯರಿಗೆ, ಇನ್ನೊಂದು ಭೂತಪಿಶಾಚಿಗಳಿಗೆ. ಕೂಲಿಗೆ ರಾಕ್ಷಸರನ್ನು ಕೊಲ್ಲುವುದು ಅವನ ಕಸುಬು. ಊರಿಗೆ ಬಂದರೆ ಜನ ಉಗಿಯುತ್ತಾರೆ, ಕೆಲಸ ಬಿದ್ದಾಗ ಕರೆಯುತ್ತಾರೆ, ಕೆಲಸವಾದ ಮೇಲೆ ಚಿಲ್ಲರೆಗೆ ಜಗಳ ತೆಗೆಯುತ್ತಾರೆ. ನನಗೆ ತಕ್ಷಣ ಹತ್ತಿರದವನಾಗಿಬಿಟ್ಟ, ಯಾಕೆ ಅಂತ ಬಿಡಿಸಿ ಹೇಳಬೇಕೇ?

ದಾರಿಯುದ್ದಕ್ಕೂ ಕೈಕಂಬಗಳಿವೆ. ಒಂದು ಕೈಕಂಬದ ಹತ್ತಿರ ನಿಂತರೆ ಆಗಲೇ ನೋಡಿರುವ ಇನ್ನೊಂದು ಕೈಕಂಬಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಬಹುದು. ನಡುದಾರಿಯಲ್ಲಿ ನಿಂತು ಹೋಗುತ್ತೇನೆಂದರೆ ಇಲ್ಲ, ಸ್ಟಾಪಿಗೇ ಬರಬೇಕು! ಈ ಶಿಸ್ತು ನಮ್ಮ ಪ್ರಯಾಣಿಕರಿಗೆ ಯಾವಾಗ ಬರುತ್ತೋ? ಕುದುರೆಯ ಹೆಸರು ರೋಚ್. ಸೀಟಿ ಹೊಡೆದರೆ ಎಲ್ಲಿದ್ದರೂ ಬರುತ್ತದೆ. ಕೆಲವು ಸಲ ಗುಡಿಸಲ ಸೂರಿನ ಮೇಲೆ ನಿಂತಿರುತ್ತದೆ! ತಯಾರಕರ ಕಣ್ತಪ್ಪಿ ಉಳಿದ ದೋಷವಂತೆ, ಲೋಕವೆಲ್ಲ ನಕ್ಕಿದೆಯಂತೆ. ಇನ್ನು ಮೊದಲ ಹಳ್ಳಿಯಲ್ಲೇ ಒಬ್ಬಳು ಅಜ್ಜಿ. ಅವಳ ಬಾಣಲೆಯನ್ನು ಯಾರೋ ಕಡ ಒಯ್ದು ವಾಪಸು ಕೊಟ್ಟಿಲ್ಲ. ಹದ್ದಿನ ತಲೆ, ಸಿಂಹದ ಮೈಯ ಗ್ರಿಫಿನ್ನನ್ನು ಕೊಲ್ಲಲು ಹೊರಟ ಮಹಾಶೂರ ಆ ಬಾಣಲೆ ಹುಡುಕಿಕೊಡಬೇಕು! ಹುಡುಕಿಕೊಟ್ಟೆ. ಅಲ್ಲಿಂದ ಮುಂದೆ ಆಟ ಬಿಡಲಿಲ್ಲ.

ಭಾಷೆಯದೇ ತೊಡಕು. ಮಾತೆಲ್ಲ ಇಂಗ್ಲಿಷು, ಕೆಳಗೆ ಬರುವ ಅಕ್ಷರ ಇರುವೆ ಸಾಲು. ನನ್ನ ಮಗಳು ಪಕ್ಕ ಕೂತು ಓದಿ ಹೇಳುವುದಕ್ಕೆ ಶುರು ಮಾಡಿದಳು. 23 ವರ್ಷ, ಡಿಪ್ಲೊಮಾ ಆಗಿದೆ. (ಆಟಕ್ಕೆ 'ಎ' ಸರ್ಟಿಫಿಕೇಟು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.) ಗೆರಾಲ್ಟನಿಗೆ ಇಬ್ಬರು ಮಂತ್ರವಾದಿನಿಯರ ಜೊತೆ ಪ್ರೇಮಾಂಕಕ್ಕೆ ಬೇಕಾದಷ್ಟು ಅವಕಾಶವುಂಟು. ಮಗಳು ಪಕ್ಕದಲ್ಲಿರುವಾಗ ಯಾವ ತಂದೆ ಅದನ್ನು ಒತ್ತುತ್ತಾನೆ? ನನ್ನ ಗೆರಾಲ್ಟ್ ಕೊನೆಯವರೆಗೂ ಬ್ರಹ್ಮಚಾರಿ!

ಗಾಂಧಿನಗರದ ಗಾಸಿಪ್ಪಿಗೆ ಕಿವಿಗೊಡುವವರಿಗೆ ಇದರ ಕಥಾಹಕ್ಕಿನ ಸಮಾಚಾರ ಕೇಳಿ. ಮೂಲ ಲೇಖಕ ಆಂದ್ರೇ ಸಪ್ಕೋವ್‌ಸ್ಕಿ. ಮೊದಲು ತುಪ್ಪಳದ ವ್ಯಾಪಾರದಲ್ಲಿದ್ದವರು. ಗೆರಾಲ್ಟನ ಮೊದಲ ಕಥೆ 1986ರಲ್ಲಿ ಪೋಲೆಂಡಿನ 'ಫಾಂತಾಸ್ತಿಕಾ' ಪತ್ರಿಕೆಯಲ್ಲಿ ಬಂತು. 2001ರಲ್ಲಿ ಮಾರೆಕ್ ಬ್ರೋಡ್‌ಸ್ಕಿ ಚಿತ್ರ ಮಾಡಿದರು, ವಿಮರ್ಶಕರಿಗೆ ರುಚಿಸಲಿಲ್ಲ. ಗೇಮಿನವರು ಬಂದು ಲಾಭದಲ್ಲಿ ಪಾಲು ಕೊಡುತ್ತೇವೆ ಅಂದಾಗ ಸಪ್ಕೋವ್‌ಸ್ಕಿ, ಪಾಲು ಬೇಡ, ದುಡ್ಡು ಈಗಲೇ ಇಡಿ ಅಂದರು. ಮೊದಲ ಗೇಮ್ 2007ರಲ್ಲಿ, ಎರಡನೆಯದು 2011ರಲ್ಲಿ, ಮೂರನೆಯದಂತೂ ಬೆಳ್ಳಿಹಬ್ಬ! 2018ರಲ್ಲಿ ಅವರ ವಕೀಲರು 6 ಕೋಟಿ ಜ್ಲೋಟಿ ಕೇಳಿ ಪತ್ರ ಬರೆದರು. 2019ರ ಡಿಸೆಂಬರಿನಲ್ಲಿ ಹೊಸ ಒಪ್ಪಂದವಾಗಿ ರಾಜಿಯಾಯಿತು. ಅದೇ ತಿಂಗಳು ನೆಟ್‌ಫ್ಲಿಕ್ಸಿನಲ್ಲಿ ಹೆನ್ರಿ ಕ್ಯಾವಿಲ್ ಗೆರಾಲ್ಟನಾಗಿ ಕಾಣಿಸಿಕೊಂಡ. ಅವನಾದರೋ ಈ ಗೇಮಿನ ಹುಚ್ಚನೇ ಅಂತೆ. 2025ರಲ್ಲಿ ಬಂದ ನಾಲ್ಕನೇ ಕಂತಿಗೆ ಲಿಯಮ್ ಹೆಮ್ಸ್‌ವರ್ತ್ ಬಂದ. ನನ್ನನ್ನು ಕೇಳಿದರೆ ಗೆರಾಲ್ಟ್ ಅಂದರೆ ಗೇಮಿನಲ್ಲಿ ಕೇಳುವ ಡಗ್ ಕಾಕಲ್ ಅವರ ಆ ಒಡಕು ದನಿಯೇ. ಮುಖ ಯಾರದಾದರೂ ಇರಲಿ!

ಇಷ್ಟು ಹಾಸ್ಯ ಸಾಕು. ವೆಲೆನ್ ಎಂಬ ಸೀಮೆಗೆ ಬರೋಣ.

ಯುದ್ಧದಲ್ಲಿ ಹಾಳಾದ ನಾಡು. ಮರದಲ್ಲಿ ನೇತಾಡುವ ಹೆಣಗಳು, ಜೌಗು ನೆಲ, ಉಪವಾಸದ ಜನ. ಅಲ್ಲೊಬ್ಬ ಪಾಳೆಯಗಾರ, 'ಬ್ಲಡಿ ಬ್ಯಾರನ್' ಅಂತ ಅಡ್ಡಹೆಸರು. ದಢೂತಿ ದೇಹ, ಕೆಂಪು ಮೂಗು. ಅವನ ಹೆಂಡತಿ, ಮಗಳು ಮನೆ ಬಿಟ್ಟು ಹೋಗಿದ್ದಾರೆ, ಹುಡುಕಿಕೊಡು ಅನ್ನುತ್ತಾನೆ. ಹುಡುಕುತ್ತ ಹೋದರೆ ಒಂದೊಂದೇ ಬಿಚ್ಚಿಕೊಳ್ಳುತ್ತದೆ. ಕುಡಿದು ಹೆಂಡತಿಗೆ ಹೊಡೆಯುತ್ತಿದ್ದ. ಅಂಥ ಒಂದು ರಾತ್ರಿ ಅವಳ ಗರ್ಭ ಇಳಿದುಹೋಯಿತು. ಆ ಕೂಸಿಗೆ ಹೆಸರಿಡದೆ, ಶಾಸ್ತ್ರ ಮಾಡದೆ ಹೂತುಬಿಟ್ಟಿದ್ದಾನೆ. ಅದು ಪಿಶಾಚಿಯಾಗಿ ಎದ್ದಿದೆ. ನೋಡಲು ಹೇಸಿಗೆ ಹುಟ್ಟಿಸುವ ರೂಪ.

ಇಲ್ಲಿ ಆಟ ಕೇಳುತ್ತದೆ... ಕತ್ತಿಯಿಂದ ಕಡಿಯುತ್ತೀಯಾ? ಇಲ್ಲ, ತಂದೆಯ ಕೈಲೇ ಅದನ್ನು ಎತ್ತಿಸಿ ಮನೆಗೆ ಕರೆತರುತ್ತೀಯಾ?

ಎತ್ತಿಸಿದೆ. ಮಳೆಗಾಳಿಯ ರಾತ್ರಿ. ಆ ದೈತ್ಯದೇಹಿ ಅಂಥ ವಿಕಾರವನ್ನು ಎದೆಗವಚಿಕೊಂಡು ಹೆಜ್ಜೆ ಹೆಜ್ಜೆಗೂ ನಡುಗುತ್ತ ನಡೆಯುತ್ತಾನೆ. ದಾರಿಯಲ್ಲಿ ಪ್ರೇತಗಳು ಅಡ್ಡ ಬರುತ್ತವೆ. ಕೂಸು ಕೆರಳುತ್ತದೆ, ಗೆರಾಲ್ಟ್ ಮಂತ್ರ ಹಾಕಿ ಸಮಾಧಾನ ಮಾಡಬೇಕು. ಕೊನೆಗೆ ಹೊಸ್ತಿಲ ಬಳಿ ಗುಂಡಿ ತೋಡಿ, ನೀನು ನನ್ನ ಮಗಳು ಎಂದು ಒಪ್ಪಿಕೊಂಡು, 'ಡಿಯಾ' ಎಂದು ಹೆಸರಿಟ್ಟು ಮಣ್ಣು ಮಾಡುತ್ತಾನೆ. ಆಮೇಲೆ ಅದು ಮನೆ ಕಾಯುವ ಶಕ್ತಿಯಾಗುತ್ತದೆ.

"ಅದೇನು ಗದ್ದಲ, ಟೀವಿ ಆರಿಸ್ರೀ" ಅಂತ ದಿನಾ ಬೈಯುತ್ತಿದ್ದ ನನ್ನ ಹೆಂಡತಿ ಅವತ್ತು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಮೊರ ಹಿಡಿದುಕೊಂಡು. ಯಾವಾಗ ಬಂದು ನಿಂತಳೋ ನಾನು ಕಾಣೆ. ಮಗಳು ಹುಟ್ಟುವ ಎರಡು ವರ್ಷ ಮೊದಲು ನಮಗೂ ಒಂದು ಕೂಸು ಏಳು ತಿಂಗಳಿಗೇ ಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

"ಏನಂತ ಹೆಸರಿಟ್ಟ?" ಅಂದಳು.

ಮಗಳು ಹೇಳಿದಳು. ಹೆಂಡತಿ ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಬಂದು ಮಂಚದ ತುದಿಗೆ ಕೂತು, "ಗಂಡಾಗಿದ್ರೆ ಮಂಜುನಾಥ ಅಂತ ಇಡಬೇಕು ಅಂದ್ಕೊಂಡಿದ್ದೆ" ಅಂದಳು. ಮಗಳು ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಈ ವಿಷಯ ತಿಳಿದದ್ದೇ ಆವತ್ತು. ಆ ರಾತ್ರಿ ಆಟ ಮುಂದೆ ಹೋಗಲಿಲ್ಲ. ಮೂವರೂ ಬಹಳ ಹೊತ್ತು ಮಾತಾಡಿದೆವು.

ಬ್ಯಾರನ್ನನ ಕಥೆ ಅಲ್ಲಿಗೆ ಸುಖಾಂತವಲ್ಲ. ಗುಡ್ಡದ ಮೇಲಿನ ಮರದಲ್ಲಿ ಒಂದು ಆತ್ಮ ಬಂಧಿಯಾಗಿದೆ. ಅದನ್ನು ಬಿಡಿಸಿದರೆ ಜೌಗಿನ ಅನಾಥ ಮಕ್ಕಳು ಬದುಕುತ್ತಾರೆ, ಆದರೆ ಒಂದು ಹಳ್ಳಿ ನಾಶ, ಬ್ಯಾರನ್ನನ ಹೆಂಡತಿ ಸಾಯುತ್ತಾಳೆ, ಅವನು ನೇಣು ಹಾಕಿಕೊಳ್ಳುತ್ತಾನೆ. ಕೊಂದರೆ ಮಕ್ಕಳು ಇಲ್ಲವಾಗುತ್ತಾರೆ. ಹೆಂಡತಿ ಬುದ್ಧಿಭ್ರಮಣೆಯಲ್ಲಿ ಬದುಕುತ್ತಾಳೆ, ಅವನು ಅವಳನ್ನು ವೈದ್ಯನ ಹತ್ತಿರ ಕರೆದುಕೊಂಡು ದೂರದ ಬೆಟ್ಟಕ್ಕೆ ಹೊರಡುತ್ತಾನೆ. ನಮ್ಮ ಮನೆಯಲ್ಲಿ ಮಕ್ಕಳನ್ನು ಉಳಿಸಿದೆವು. ಬೇರೆ ಮನೆಯಲ್ಲಿ ಇನ್ನೊಂದು ತೀರ್ಪು ಬಂದಿರಬಹುದು. ಬೇಡ ಅನ್ನಲು ನಾನು ಯಾರು? ಖಳನಾಯಕನನ್ನು ಕೊನೇ ರೀಲಿನಲ್ಲಿ ಪೊಲೀಸರಿಗೆ ಹಿಡಿದುಕೊಟ್ಟು ಕೈತೊಳೆದುಕೊಳ್ಳುವ ಚಿತ್ರಕಥೆ ಇದಲ್ಲ.

ನೊವಿಗ್ರಾಡ್ ನಗರದಲ್ಲಿ ಒಂದು ನಾಟಕದ ಪ್ರಸಂಗವುಂಟು, ನಮ್ಮ ಓದುಗರಿಗೆ ಹೇಳದೆ ಬಿಟ್ಟರೆ ಆಗದು. ತಲೆಮರೆಸಿಕೊಂಡ ಒಬ್ಬ ವೇಷಾಂತರಿಯನ್ನು ಹೊರಗೆಳೆಯಲು ಗೆರಾಲ್ಟನೇ ರಂಗಕ್ಕೆ ಹತ್ತಬೇಕು! ಮಾತು ಮರೆಯದೆ ಸರಿಯಾದ ಸಾಲು ಆರಿಸಿ ಹೇಳಬೇಕು. ರಾಕ್ಷಸರೆದುರು ಬೆವರದವನು ಪ್ರೇಕ್ಷಕರೆದುರು ಮರದ ಕೊರಡಿನಂತೆ ನಿಂತು ಸಂಭಾಷಣೆ ಒಪ್ಪಿಸುವುದನ್ನು ನೋಡಿ ಬಿದ್ದು ಬಿದ್ದು ನಕ್ಕೆವು. ಸ್ಕೆಲಿಗೆ ದ್ವೀಪಗಳ ವಿಷಯ ಬರೆಯಹೊರಟರೆ ಈ ಪುಟ ಸಾಲದು. ಹಡಗು, ಹಿಮ, ಒಳ್ಳೆಯ ಸಂಗೀತ, ಅಷ್ಟೇ ಸಾಕು. ಗ್ವೆಂಟ್ ಎಂಬ ಇಸ್ಪೀಟಿನಂಥ ಆಟದ ಸುದ್ದಿ ಎತ್ತುವುದೇ ಇಲ್ಲ. ಮನೆ ಹಾಳು!

ಇಷ್ಟೆಲ್ಲ ಸುತ್ತಾಟ ಯಾರಿಗಾಗಿ? ಸಿರಿಗಾಗಿ. ಸಾಕುಮಗಳು. (ಎಲ್ಲಿಯ ಪೋಲೆಂಡು, ಎಲ್ಲಿಯ ನಮ್ಮ ಸಿರಿ ಎಂಬ ಮಾತು!) ಚಕ್ರವರ್ತಿಯ ರಕ್ತದವಳು, ಲೋಕಲೋಕಗಳ ನಡುವೆ ಹಾರಬಲ್ಲವಳು, ಮಂಜಿನಂಥ ಸೇನೆಯೊಂದು ಅವಳನ್ನು ಬೆನ್ನಟ್ಟಿದೆ. ಅವಳು ಸಿಕ್ಕುವಾಗ ಆಟ ಅರ್ಧಕ್ಕಿಂತ ಮೇಲೆ ಆಗಿರುತ್ತದೆ. ಆಮೇಲೆ ಐದು ಜಾಗದಲ್ಲಿ ಸಣ್ಣ ಸಣ್ಣ ಪ್ರಶ್ನೆ. ಹಿರಿಯ ಗುರು ಸತ್ತು ಅವಳು ಕುಗ್ಗಿ ಕೂತಾಗ ಕುಡಿಯಲು ಕೊಟ್ಟು ಸಮಾಧಾನ ಹೇಳುವುದೇ, ಹಿಮದುಂಡೆ ಎಸೆದು ಆಡಿಸುವುದೇ? ಮಂತ್ರವಾದಿನಿಯರ ಸಭೆಗೆ ಜೊತೆಗೆ ಹೋಗುವುದೇ, ಒಬ್ಬಳನ್ನೇ ಕಳಿಸುವುದೇ? ಸಿಟ್ಟು ಬಂದು ಪ್ರಯೋಗಶಾಲೆ ಪುಡಿ ಮಾಡುವಾಗ ತಡೆಯುವುದೇ, ಬಿಡುವುದೇ? ತನಗೆ ಸಹಾಯ ಮಾಡಿ ಸತ್ತ ಹುಡುಗನ ಸಮಾಧಿ ನೋಡಬೇಕು ಅಂದರೆ ಹೊತ್ತಾಯಿತು ಅನ್ನುವುದೇ? ಹೆತ್ತಪ್ಪನಾದ ಚಕ್ರವರ್ತಿಗೆ ಒಪ್ಪಿಸಿ ಕೂಲಿ ತೆಗೆದುಕೊಳ್ಳುವುದೇ? ಇದರ ಲೆಕ್ಕದ ಮೇಲೆ ಕೊನೆಯಲ್ಲಿ ಅವಳು ಉಳಿಯುತ್ತಾಳೋ ಇಲ್ಲವೋ ನಿಶ್ಚಯ. ಆಡುವಾಗ ಆಟ ಇದನ್ನು ಹೇಳುವುದಿಲ್ಲ ನೋಡಿ, ಅದೇ ಅದರ ಕಿತಾಪತಿ!

ಇತ್ತ ನನ್ನ ಮನೆಯ ಸಿರಿ ರೈಲ್ವೆಯ ಸಹಾಯಕ ಲೋಕೋ ಪೈಲಟ್ ಪರೀಕ್ಷೆ ಪಾಸು ಮಾಡಿದ್ದಳು. ಎಂಜಿನ್ ಓಡಿಸುವ ಕೆಲಸ. ದಾಖಲೆ ಪರಿಶೀಲನೆಗೆ, ಕಣ್ಣಿನ ಪರೀಕ್ಷೆಗೆ ಬೆಂಗಳೂರಿಗೆ ಕರೆ ಬಂತು. ಪ್ಲಾಸ್ಟರ್ ಕಾಲಿನವನು ಜೊತೆಗೆ ಹೋಗುವಂತಿರಲಿಲ್ಲ, ಒಬ್ಬಳೇ ಹೋಗಿ ಬಂದಳು. ಕಣ್ಣು ಪಾಸು, ಎಲ್ಲ ಪಾಸು! ಆಗ ಶುರುವಾಯಿತು ನಮ್ಮ ಮನೆಯ ಮಂತ್ರಿಮಂಡಲ. ನನ್ನ ಅಣ್ಣ ಬಂದು, "ಹೆಣ್ಣು ಹುಡುಗಿ ಅರ್ಧರಾತ್ರೀಲಿ ಗೂಡ್ಸ್ ಗಾಡಿ ಓಡಿಸ್ತಾಳೇನೋ? ನಾಳೆ ಗಂಡು ಯಾರು ಕೊಡ್ತಾರೆ? ಇಲ್ಲೇ ಎಲ್ಲಾದ್ರೂ ಆಫೀಸು ನೋಡು" ಅಂದ. ಅಣ್ಣನ ಮಾತಿಗೆ ನಮ್ಮಲ್ಲಿ ಎದುರಾಡುವುದಿಲ್ಲ. ರಾತ್ರಿ ಡ್ಯೂಟಿ ಅಂದರೇನು ಅಂತ ನನಗೆ ಗೊತ್ತಿಲ್ಲವೇ? 27 ವರ್ಷ ಮಾಡಿದ್ದೇನೆ. ಹಳ್ಳಿ ಹಾಲ್ಟಿನ ಸೊಳ್ಳೆ, ಕುಡುಕರ ಕಾಟ, ಬಸ್ಸಲ್ಲೇ ನಿದ್ದೆ. ಅಣ್ಣನ ಮಾತಿಗಿಂತ ನನ್ನ ಅನುಭವವೇ ನನ್ನನ್ನು ಹೆಚ್ಚು ಹೆದರಿಸಿತು.

ಮಗಳು ಮಾತಾಡಲಿಲ್ಲ. ಅಂದು ರಾತ್ರಿ ಎಂದಿನಂತೆ ಬಂದು ಪಕ್ಕದಲ್ಲಿ ಕೂತಳು. ಆ ಹೊತ್ತಿಗೆ ಮಂತ್ರವಾದಿನಿಯರ ಸಭೆಯ ಬಾಗಿಲು. ಸಿರಿ ಗೆರಾಲ್ಟನ ಕಡೆ ನೋಡುತ್ತಾಳೆ. ಉತ್ತರ ಎರಡು. ಮಗಳು ಎರಡನ್ನೂ ಓದಿ ಹೇಳಿ ಸುಮ್ಮನಾದಳು. ಯಾವುದು ಒತ್ತು ಅಂತ ಹೇಳಲಿಲ್ಲ. ಎಂದೂ ಹಾಗೆ ಸುಮ್ಮನಿದ್ದವಳಲ್ಲ.

ಒಬ್ಬಳನ್ನೇ ಕಳಿಸಿದೆ. ಬಾಗಿಲು ಮುಚ್ಚಿತು. ಗೆರಾಲ್ಟ್ ಹೊರಗೇ ಉಳಿದ.

"ಅಪ್ಪಾ, ಬೆಂಗಳೂರಲ್ಲಿ ಒಬ್ಳು ಹುಡುಗಿ ಸಿಕ್ಕಿದ್ಲು" ಅಂದಳು ಟೀವಿ ನೋಡುತ್ತಲೇ. "ಎರಡು ವರ್ಷದಿಂದ ಎಂಜಿನ್ ಓಡಿಸ್ತಾ ಇದಾಳೆ. ರಾತ್ರಿ ಸಿಗ್ನಲ್ ದೂರದಿಂದ್ಲೇ ಚೆನ್ನಾಗಿ ಕಾಣುತ್ತಂತೆ, ಹಗಲಿಗಿಂತ."

"ಕಾಣುತ್ತೆ ಕಣವ್ವ. ಬಸ್ಸಲ್ಲೂ ಹಂಗೇ. ದೀಪ ರಾತ್ರಿಯೇ ಚೆನ್ನಾಗಿ ಕಾಣೋದು" ಅಂದೆ. ಮಾರನೇ ದಿನ ಅಣ್ಣನಿಗೆ ಫೋನ್ ಮಾಡಿ, ಹೋಗ್ತಾಳೆ ಅಂತ ಹೇಳಿದೆ. ಆರು ತಿಂಗಳು ಅವನು ನನ್ನ ಜೊತೆ ಮಾತು ಬಿಟ್ಟ. ಈಗಲೂ ಅಷ್ಟಕ್ಕಷ್ಟೇ.

ಆಟದ ಕ್ಲೈಮ್ಯಾಕ್ಸಿನಲ್ಲಿ ಲೋಕವನ್ನೇ ನುಂಗಲು ಹೊರಟ ಹಿಮವನ್ನು ತಡೆಯಲು ಸಿರಿ ಒಬ್ಬಳೇ ಬೆಳಕಿನೊಳಕ್ಕೆ ನಡೆಯುತ್ತಾಳೆ. ಅಲ್ಲಿ ನಮ್ಮ ಹೆಬ್ಬೆರಳಿಗೆ ಕೆಲಸವಿಲ್ಲ. ಯಾವ ಗುಂಡಿ ಒತ್ತಿದರೂ ಗೆರಾಲ್ಟ್ ಹಿಂದೆ ಹೋಗಲಾರ. ಹಿಂದೆ ನಾವು ಮಾಡಿದ್ದು ಒಂದೊಂದೇ ಅವಳ ಕಣ್ಣ ಮುಂದೆ ಹಾಯುತ್ತದೆ... ಹಿಮದುಂಡೆ, ಬಾಗಿಲು, ಸಮಾಧಿ. ನಾನು ಅವಳನ್ನು ಚಕ್ರವರ್ತಿಯ ಹತ್ತಿರ ಕರೆದೊಯ್ದಿರಲಿಲ್ಲ. ಹಾಗಾಗಿ ನಮ್ಮ ಸಿರಿ ಸಿಂಹಾಸನವೇರಲಿಲ್ಲ, ಗೆರಾಲ್ಟನ ಕಸುಬನ್ನೇ ಹಿಡಿದಳು. ಹಳ್ಳಿಯ ಹೋಟೆಲಿನಲ್ಲಿ ಅವನು ಅವಳಿಗೆ ಹೊಸ ಕತ್ತಿ ಕೊಡುತ್ತಾನೆ. 2024ರ ಡಿಸೆಂಬರಿನಲ್ಲಿ ಸಂಸ್ಥೆಯವರು ನಾಲ್ಕನೇ ಗೇಮನ್ನು ಘೋಷಿಸಿದರಲ್ಲ, ಅದರಲ್ಲಿ ಕಥಾನಾಯಕಿ ಸಿರಿಯೇ. ಸುದ್ದಿ ತಿಳಿದಾಗ ನನ್ನ ಮಗಳೇ ಬಡ್ತಿ ಪಡೆದಷ್ಟು ಬೀಗಿದೆ ಎನ್ನಿ!

ಮಗಳು ತರಬೇತಿಗೆ ಹೋದಳು. ಕಾಲು ಕೂಡಿ ನಾನು ಡ್ಯೂಟಿಗೆ ಹಾಜರಾದೆ. ವಾರದ ರಜೆಯಲ್ಲಿ ಒಬ್ಬನೇ ಕೂತು, ಅಕ್ಷರ ಕೂಡಿಸಿ ಓದಿಕೊಂಡು, 2016ರಲ್ಲಿ ಬಂದ 'ಬ್ಲಡ್ ಅಂಡ್ ವೈನ್' ಎಂಬ ಮುಂದಿನ ಭಾಗ ಆಡಿದೆ. ಅದರಲ್ಲಿ ಗೆರಾಲ್ಟನಿಗೆ ಒಂದು ದ್ರಾಕ್ಷಿ ತೋಟ, ಮನೆ ಬಹುಮಾನವಾಗಿ ಸಿಗುತ್ತದೆ. ಇದ್ದಬದ್ದ ದುಡ್ಡು ಸುರಿದು ರಿಪೇರಿ ಮಾಡಿಸಬಹುದು... ಲಾಯ, ಮಂಚ, ಬಂದವರಿಗೊಂದು ಕೋಣೆ. ನಾನು ಎಲ್ಲಕ್ಕಿಂತ ಮೊದಲು ಆ ಕೋಣೆಯನ್ನೇ ಮಾಡಿಸಿದೆ. ಕಥೆ ಮುಗಿದ ಮೇಲೆ ಗೆರಾಲ್ಟ್ ಮನೆಗೆ ಬಂದರೆ ಅವನಿಗಾಗಿ ಒಬ್ಬರು ಕಾದಿರುತ್ತಾರೆ. ಯಾರು ಎಂಬುದು ನಾವು ಆಡಿದ ರೀತಿಯ ಮೇಲೆ. ಬ್ರಹ್ಮಚಾರಿ ಗೆರಾಲ್ಟನಿಗೆ ಕಾದಿದ್ದವಳು ಸಿರಿ.

ಮಗಳಿಗೆ ಇದನ್ನು ಫೋನಿನಲ್ಲಿ ಹೇಳಿಲ್ಲ. ಗೌರಿ ಹಬ್ಬಕ್ಕೆ ನಾಲ್ಕು ದಿನ ರಜೆ ಸಿಗಬಹುದು ಅಂದಿದ್ದಾಳೆ. ಆ ದೃಶ್ಯಕ್ಕೆ ಸ್ವಲ್ಪ ಮುಂಚಿನ ಜಾಗದಲ್ಲಿ ಆಟ ಸೇವ್ ಮಾಡಿಟ್ಟಿದ್ದೇನೆ. ತಂಗಿ ಮಗ ಮಾತ್ರ ವಾರಕ್ಕೊಮ್ಮೆ ಬಂದು, "ಮಾವ, ನನ್ನ ಪ್ಲೇಸ್ಟೇಷನ್ ಯಾವಾಗ ಕೊಡ್ತೀರಿ?" ಅಂತ ಕೇಳುತ್ತಿದ್ದಾನೆ.