ನೂರಕ್ಕೆ ಹನ್ನೆರಡು ಮುಕ್ಕಾಲು ಕಡಿಮೆ

ಸೈಕಲ್ಲಿನ ಸ್ಪೀಡಾಮೀಟರಿಗೆ ದೂರವೂ ಗೊತ್ತಿಲ್ಲ, ವೇಗವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಣಿಸುವುದೊಂದೇ. ಚಕ್ರದ ಕಡ್ಡಿಗೆ ಸಿಕ್ಕಿಸಿದ ಪುಟ್ಟ ಅಯಸ್ಕಾಂತ ಫೋರ್ಕಿನ ಮೇಲಿನ ಸ್ವಿಚ್ಚಿನೆದುರು ಹಾದಾಗಲೆಲ್ಲ ಒಂದು ಸುತ್ತು. ಸುತ್ತುಗಳನ್ನು ಚಕ್ರದ ಸುತ್ತಳತೆಯಿಂದ ಗುಣಿಸಿದರೆ ದೂರ. ಅದನ್ನು ಹಿಡಿದ ಸಮಯದಿಂದ ಭಾಗಿಸಿದರೆ ವೇಗ. ಆ ಸುತ್ತಳತೆಯನ್ನು ಮೀಟರಿಗೆ ಹೇಳಿಕೊಡಬೇಕಾದವರು ನಾವು. ಅದು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಒಂಬತ್ತು ವರ್ಷದ ಮಗಳು ಯಾರೋ ಬಳಸಿಬಿಟ್ಟ ಮೀಟರೊಂದನ್ನು ತನ್ನ 24 ಇಂಚಿನ ಸೈಕಲ್ಲಿಗೆ ಹಾಕಿಕೊಂಡು ರೈನ್ ನದಿಯ ದಂಡೆಯಲ್ಲಿ ಓಡಾಡಿದಳು. ನೂರು ಕಿಲೋಮೀಟರ್ ತುಂಬಿದ ಸಂಜೆ ಮೈಸೂರಿನ ಅಜ್ಜಿಗೆ ಫೋನು ಹೋಯಿತು. ಅಜ್ಜಿ ಬೀದಿಗೆಲ್ಲ ಹೇಳಿದರು. ಆ ಸಂಜೆ ನಾವೂ ಜೊತೆಗೆ ಹೋಗಿದ್ದೆವು. ಒಂದೇ ದಾರಿಗೆ ನಮ್ಮ ಮೀಟರು 4.0 ತೋರಿಸಿತ್ತು, ಅವಳದು 4.6!

ದಂಡೆಯ ಮೇಲಿನ ಕಿಲೋಮೀಟರ್ ಫಲಕಗಳನ್ನು ನೋಡೋಣ ಎಂದಳು ಮಗಳು. ಆದರೆ ಕಾನ್‌ಸ್ಟಾನ್ಸ್ ಊರಿನ ಸೇತುವೆಯಿಂದ ಎಣಿಕೆ ಶುರುವಾಗುವ ಆ ಫಲಕಗಳು ಹಡಗಿನವರಿಗಾಗಿ ಇರುವಂಥವು. ಅವು ಹೇಳುವುದು ನದಿಯ ದೂರವನ್ನು, ಸೈಕಲ್ ದಾರಿಯದನ್ನಲ್ಲ. ತಿರುವಿನ ಒಳದಂಡೆಯಲ್ಲಿ ದಾರಿ ಕಡಿಮೆ, ಹೊರದಂಡೆಯಲ್ಲಿ ಹೆಚ್ಚು.

ಹಾಗಾಗಿ ಚಕ್ರವನ್ನೇ ಅಳೆದೆವು. ಟೈರಿಗೆ ಎಂದಿನಷ್ಟೇ ಗಾಳಿ ಹೊಡೆದು, ವಾಲ್ವು ನೆಲದ ಕಡೆ ನೇರ ಬರುವಂತೆ ನಿಲ್ಲಿಸಿ, ಅಲ್ಲಿ ಸೀಮೆಸುಣ್ಣದ ಗೆರೆ ಎಳೆದೆವು. ಮಗಳು ಸೀಟಿನ ಮೇಲೆ ಕುಳಿತಳು. ಕುಳಿತವರ ಭಾರಕ್ಕೆ ಟೈರು ತುಸು ಅಮುಕಿ ಒಂದು ಸುತ್ತಿನ ದೂರ ಕಡಿಮೆಯಾಗುತ್ತದೆ. ವ್ಯಾಸ ಅಳೆದು 3.14ರಿಂದ ಗುಣಿಸಿದರೆ ಸಾಲದು. ನೇರವಾಗಿ ಐದು ಸುತ್ತು ತಳ್ಳಿ ಇನ್ನೊಂದು ಗೆರೆ. ಟೇಪಿನಲ್ಲಿ 9 ಮೀಟರ್ 40 ಸೆಂಟಿಮೀಟರ್. ಒಂದು ಸುತ್ತಿಗೆ 1880 ಮಿಲಿಮೀಟರ್. ಐದು ಸುತ್ತು ಏಕೆಂದರೆ, ಗೆರೆಯಲ್ಲಿ ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಸುತ್ತಿಗೆ ಒಂದೇ ಮಿಲಿಮೀಟರ್ ವ್ಯತ್ಯಾಸ. ಮೀಟರಿನಲ್ಲಿದ್ದದ್ದು 2155, ಹಿಂದಿನವರ ದೊಡ್ಡ ಚಕ್ರದ ಅಳತೆ. ನಮ್ಮ ಸೈಕಲ್ಲನ್ನೂ ಹಾಗೆಯೇ ಅಳೆದು ನೋಡಿದೆವು, ಅದು ಸರಿಯಾಗಿತ್ತು.

ದಿನವೂ ಒಂದೇ ಅಂಕಿ ತೋರಿಸಿತೆಂದು ಪ್ರಯೋಗಾಲಯದ ತಕ್ಕಡಿಯನ್ನು ನಾವು ನಂಬುವುದಿಲ್ಲ. ತೂಕ ಗೊತ್ತಿರುವ ಬಟ್ಟನ್ನಿಟ್ಟು ಪರೀಕ್ಷಿಸುತ್ತೇವೆ. ಸದಾ ಒಂದೇ ಕಡೆಗೆ ವಾಲುವ ದೋಷ ಹತ್ತು ಸಲ ಅಳೆದು ಸರಾಸರಿ ತೆಗೆದರೂ ಹೋಗದು. ಆದರೆ ಈ ಮೀಟರಿನ ದೋಷದಲ್ಲೊಂದು ಅನುಕೂಲವುಂಟು. ಅದರ ಪ್ರಮಾಣ ಬದಲಾಗದ್ದರಿಂದ ಹಳೆಯ ಲೆಕ್ಕವನ್ನೂ ತಿದ್ದಬಹುದು: ನೂರನ್ನು 1880ರಿಂದ ಗುಣಿಸಿ 2155ರಿಂದ ಭಾಗಿಸಿದರೆ 87.2.

ಹೊಸ ಅಂಕಿ ಹಾಕಿಕೊಟ್ಟು, ಹಳೆಯ ನೂರನ್ನು ಹಾಗೇ ಬಿಟ್ಟುಬಿಡೋಣವೇ ಎಂದು ನಾವಿಬ್ಬರೂ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡಿಕೊಂಡೆವು. ಮಗುವಿನ ಹುರುಪು ಕುಗ್ಗೀತೆಂಬ ಅಳುಕು. ಕೊನೆಗೆ ಭಾಗಾಕಾರವನ್ನು ಅವಳ ಕೈಯಲ್ಲೇ ಮಾಡಿಸಿದೆವು. ಮುಖ ಸಣ್ಣಗಾಯಿತು. ರಾತ್ರಿ ಊಟ ಅರ್ಧಕ್ಕೇ ಬಿಟ್ಟಳು.

ಮರುದಿನ ತಾನೇ ಅಜ್ಜಿಗೆ ಫೋನು ಮಾಡಿ ವಿಷಯ ತಿಳಿಸಿದಳು. "ಹೋಗಲಿ ಬಿಡೇ ಪುಟ್ಟಿ, ನೂರೂ ಒಂದೇ, ಎಂಬತ್ತೇಳೂ ಒಂದೇ" ಎಂದರು ಅಜ್ಜಿ. "ಒಂದೇ ಅಲ್ಲ ಅಜ್ಜಿ, ಹನ್ನೆರಡು ಮುಕ್ಕಾಲು ಕಡಿಮೆ" ಎಂದಳು. ನಾಲ್ಕು ಸಂಜೆಗಳಲ್ಲಿ ಅದನ್ನೂ ಮುಗಿಸಿದಳು. ನಾವು ಯಾರೂ ಹೇಳಿರಲಿಲ್ಲ.

ಸಂಘದ ಮುಂದಿನ ವನಭೋಜನಕ್ಕೆ ಸೈಕಲ್ಲಿನಲ್ಲಿ ಬರುವ ಮಕ್ಕಳು ಅರ್ಧ ಗಂಟೆ ಮುಂಚೆ ಬರಲಿ. ಟೇಪು, ಸೀಮೆಸುಣ್ಣ, ಪಂಪು ನಾವು ತರುತ್ತೇವೆ. ಗೆರೆ ಎಳೆಯುವುದನ್ನು ನಮ್ಮ ಮಗಳು ತೋರಿಸಿಕೊಡುತ್ತಾಳೆ.