ಜಾಫ್ನಾದಲ್ಲಿ ಮೂರು ದಿನಗಳು

ಯುದ್ಧವು ಮುಗಿದ ಊರಿನಲ್ಲಿ ನೋಡತಕ್ಕದ್ದೇನಿದೆ? ಹೊರಡುವ ಮುನ್ನ ನಮ್ಮ ಮನೆಯವರು ಕೇಳಿದ ಈ ಪ್ರಶ್ನೆಗೆ ನಮಗೆ ಆಗ ಸರಿಯಾದ ಉತ್ತರವು ತೋಚಲಿಲ್ಲ. ಹಿಂದೊಮ್ಮೆ ಕಾಶೀಯಾತ್ರೆಯಲ್ಲಿ ಪರಿಚಿತರಾದ ಜಾಫ್ನಾದ ವೃದ್ಧ ಉಪಾಧ್ಯಾಯರೊಬ್ಬರು ಪ್ರತಿಯೊಂದು ಪತ್ರದಲ್ಲಿಯೂ ನಮ್ಮನ್ನು ಕರೆಯುತ್ತಲೇ ಇದ್ದರು. ಕೋಲಾರದ ಸೀಮೆಯಲ್ಲಿ ಬಹುಕಾಲ ಪಾಠ ಹೇಳಿದ ನಮಗೆ ತಮಿಳು ತಕ್ಕಮಟ್ಟಿಗೆ ಬರುತ್ತದೆ. ಹೀಗಾಗಿ ಒಂದು ವೈಶಾಖ ಮಾಸದಲ್ಲಿ ಪ್ರಯಾಣ ಬೆಳೆಸಿದೆವು.

ಕೊಲಂಬೋ ನಗರದಿಂದ ಜಾಫ್ನಾಕ್ಕೆ ಸುಮಾರು 400 ಕಿಲೋಮೀಟರು. ತಮಿಳರು ಈ ಊರನ್ನು ಯಾಳ್ಪಾಣವೆನ್ನುತ್ತಾರೆ. ನಾವು ಹತ್ತಿದ ರೈಲಿನ ಹೆಸರೂ 'ಯಾಳ್ ದೇವಿ'. 1990ರಲ್ಲಿ ಯುದ್ಧದಿಂದ ನಿಂತುಹೋದ ಈ ರೈಲು ಭಾರತದ ನೆರವಿನಿಂದ ಹೊಸ ಹಳಿಗಳ ಮೇಲೆ ಜಾಫ್ನಾವನ್ನು ಮುಟ್ಟಿದ್ದು 2014ರ ಅಕ್ಟೋಬರಿನಲ್ಲಿ. ಅನುರಾಧಪುರ, ವವುನಿಯಾ, ಕಿಳಿನೊಚ್ಚಿಗಳನ್ನು ದಾಟಿದ ಮೇಲೆ ಇಕ್ಕೆಲಗಳಲ್ಲಿಯೂ ನೀರು. ನಡುವೆ ಇಕ್ಕಟ್ಟಾದ ನೆಲ. ಅದೇ ಆನೆಯಿರವು. ಈ ಬಾಗಿಲಿಗಾಗಿ ಎರಡು ಪಕ್ಷದವರೂ ಎಷ್ಟೋ ಸಾರಿ ಕಾದಿದರು. ಅಲ್ಲಲ್ಲಿ ತಲೆಯಿಲ್ಲದ ತಾಳೆಮರಗಳು ಇನ್ನೂ ನಿಂತಿದ್ದುವು.

ವಾಚಕರಿಗೆ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ಸಿಂಹಳ ಭಾಷೆಯೊಂದೇ ರಾಜಭಾಷೆಯೆಂದು 1956ರಲ್ಲಿ ಶಾಸನವಾಯಿತು. ತಮಿಳರ ಅಸಮಾಧಾನವು ಬೆಳೆಯಿತು. 1983ರ ಜುಲೈ ತಿಂಗಳಿನಲ್ಲಿ ಕೊಲಂಬೋ ಮೊದಲಾದ ಕಡೆಗಳಲ್ಲಿ ತಮಿಳರ ಮನೆಗಳು ಸುಟ್ಟುವು, ಜನರು ಹತರಾದರು. ಅಲ್ಲಿಂದ ತೊಡಗಿದ ಯುದ್ಧವು 2009ರ ಮೇ ತಿಂಗಳಿನಲ್ಲಿ ತಮಿಳು ಹುಲಿಗಳ ನಾಶದೊಡನೆ ಕೊನೆಗಂಡಿತು.

ಮೊದಲನೆಯ ದಿನ ನಮ್ಮ ಮಿತ್ರರು ನಮ್ಮನ್ನು ಸಾರ್ವಜನಿಕ ಪುಸ್ತಕಾಲಯಕ್ಕೆ ಕರೆದೊಯ್ದರು. ಮುಂಭಾಗದಲ್ಲಿ ಸರಸ್ವತಿಯ ವಿಗ್ರಹ, ಹಿಂದೆ ಗುಮ್ಮಟಗಳುಳ್ಳ ಬಿಳಿಯ ಸೌಧ. ಇದರ ಯೋಜನೆಗೆ ಸಲಹೆಯಿತ್ತವರಲ್ಲಿ, ಬೆಂಗಳೂರಿನಲ್ಲಿ ಕಡೆಯ ದಿನಗಳನ್ನು ಕಳೆದ ಗ್ರಂಥಾಲಯಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರೂ ಒಬ್ಬರು. 1981ರಲ್ಲಿ ಒಂದು ರಾತ್ರಿ ಪೋಲೀಸರನ್ನೂ ಒಳಗೊಂಡ ಗುಂಪೊಂದು ಇದಕ್ಕೆ ಬೆಂಕಿಯಿಕ್ಕಿತು. ಸುಮಾರು 97,000 ಪುಸ್ತಕಗಳೂ ಓಲೆಯ ಕಟ್ಟುಗಳೂ ಬೂದಿಯಾದುವು. ಪುನಃ ಕಟ್ಟಿ 2003ರ ಹೊತ್ತಿಗೆ ತೆರೆದಿದ್ದಾರೆ. "ಗೋಡೆಯನ್ನು ಕಟ್ಟಿದರು, ಸುಣ್ಣ ಬಳಿದರು. ಇದು ಸುಲಭವಾದ ಕೆಲಸ, ಅಯ್ಯಾ" ಎಂದರು ಮಿತ್ರರು.

ಎರಡನೆಯ ದಿನ ಮುಳ್ಳಿವಾಯ್ಕಾಲ್ ಎಂಬಲ್ಲಿಗೆ ಹೋದೆವು. ಒಂದು ಕಡೆ ಸಮುದ್ರ, ಮತ್ತೊಂದು ಕಡೆ ನಂದಿಕ್ಕಡಲೆಂಬ ಹಿನ್ನೀರು. ಕಡೆಯ ವಾರಗಳಲ್ಲಿ ಲಕ್ಷಾಂತರ ಜನರು ಈ ಮರಳಿನ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದರು. ಸೈನ್ಯದ ಗುಂಡುಗಳು ಆಸ್ಪತ್ರೆಗಳನ್ನೂ ಬಿಡಲಿಲ್ಲ. ಹುಲಿಗಳು ತಮ್ಮ ಜನರನ್ನೇ ಗುರಾಣಿಯಾಗಿ ಹಿಡಿದು, ಓಡುವವರ ಮೇಲೆ ಗುಂಡು ಹಾರಿಸಿದರು. ಸತ್ತ ನಾಗರಿಕರು 40,000 ಮಂದಿಯವರೆಗೂ ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಮಂಡಲಿಯು 2011ರಲ್ಲಿ ಬರೆಯಿತು. ಅಂದು ಆ ಜನರಿಗೆ ದೊರೆತ ಆಹಾರ ಉಪ್ಪು ಹಾಕಿದ ಗಂಜಿ. ಅದರ ನೆನಪಿಗಾಗಿ ಪ್ರತಿ ವರ್ಷವೂ ಮೇ ತಿಂಗಳಿನಲ್ಲಿ ಗಂಜಿಯನ್ನು ಕಾಸಿ ಹಂಚುತ್ತಾರೆ. ನಾವೂ ಕೈಯೊಡ್ಡಿ ಕುಡಿದೆವು.

ಗಂಜಿಯನ್ನು ಬಡಿಸಿದ ತಾಯಿಯೊಬ್ಬಳು ನಮ್ಮ ಬಳಿ ಬಂದು ಕುಳಿತಳು. ಇಬ್ಬರು ಗಂಡುಮಕ್ಕಳಂತೆ. ಹಿರಿಯನನ್ನು 2008ರಲ್ಲಿ ಹುಲಿಗಳು ಮನೆಯಿಂದ ಎಳೆದೊಯ್ದರು. ಮೂರು ತಿಂಗಳಿಗೆ ಹೆಣ ಬಂದಿತು. ಕಿರಿಯನನ್ನು ಯುದ್ಧದ ಕೊನೆಯ ದಿನ ತಾನೇ ಕೈಹಿಡಿದು ಸೈನಿಕರಿಗೆ ಒಪ್ಪಿಸಿದಳು. ವಿಚಾರಣೆಯಾದ ಮೇಲೆ ಬಿಡುತ್ತೇವೆಂದರು. ಆಮೇಲೆ ಅವನ ಸುದ್ದಿಯಿಲ್ಲ.

"ಹಿರಿಯವನಿಗೆ ತಿಥಿ ಮಾಡುತ್ತೇನೆ, ಅಯ್ಯಾ. ಆದರೆ ಅವನನ್ನು ಕೊಂಡುಹೋದವರು ಯಾರೆಂದು ಗಟ್ಟಿಯಾಗಿ ಹೇಳಿದರೆ ನಮ್ಮವರೇ ಸುಮ್ಮನಿರು ಎನ್ನುತ್ತಾರೆ. ಚಿಕ್ಕವನಿಗೆ ತಿಥಿ ಮಾಡೆಂದರೆ ಹೇಗೆ ಮಾಡಲಿ? ಎಳ್ಳುನೀರು ಬಿಟ್ಟರೆ ನಾನೇ ಕೊಂದ ಹಾಗೆ."

ಕಾಣೆಯಾದವರ ವಿಚಾರಕ್ಕಾಗಿ ಸರ್ಕಾರವು 2016ರಲ್ಲಿ ಶಾಸನ ಮಾಡಿ ಕಚೇರಿಯೊಂದನ್ನು ಏರ್ಪಡಿಸಿತು. 2017ರಿಂದ ಕಿಳಿನೊಚ್ಚಿ ಮುಂತಾದ ಊರುಗಳಲ್ಲಿ ತಾಯಂದಿರು ಭಾವಚಿತ್ರಗಳನ್ನು ಹಿಡಿದು ಬೀದಿಯ ಬದಿಯಲ್ಲಿ ಕುಳಿತರು. ಅವರಲ್ಲಿ ಎಷ್ಟೋ ಮಂದಿ ಉತ್ತರವಿಲ್ಲದೆಯೇ ಕಣ್ಣುಮುಚ್ಚಿದ್ದಾರೆ.

ಸಂಜೆ ಜಾಫ್ನಾಕ್ಕೆ ಹಿಂದಿರುಗಿದಾಗ ಮಿತ್ರರು ಸೋನಕರ ಬೀದಿಯ ಮೂಲೆಯಲ್ಲಿ ನಿಂತರು. ಅದು ಮುಸಲ್ಮಾನರ ಕೇರಿ. ಅವರ ಮನೆಮಾತೂ ತಮಿಳೇ. 1990ರ ಅಕ್ಟೋಬರಿನಲ್ಲಿ ಹುಲಿಗಳು ಉತ್ತರಪ್ರಾಂತದ 70,000ಕ್ಕೂ ಹೆಚ್ಚು ಮುಸಲ್ಮಾನರನ್ನು ಹೊರಗಟ್ಟಿದರು. ಜಾಫ್ನಾದವರಿಗೆ ಕೊಟ್ಟ ಅವಧಿ ಎರಡೇ ಗಂಟೆಗಳು.

"ಆ ದಿನ ಸೈಕಲ್ಲು ಹಿಡಿದುಕೊಂಡು ಇಲ್ಲಿಯೇ ನಿಂತಿದ್ದೆ" ಎಂದರು ಮಿತ್ರರು. "ನನ್ನ ತರಗತಿಯ ಹುಡುಗನೊಬ್ಬ ತಾಯಿಯೊಡನೆ ಹೋಗುತ್ತಿದ್ದವನು ನನ್ನನ್ನು ಕಂಡು 'ವಾತ್ತಿಯಾರ್' ಎಂದು ಕೂಗಿದ. ನಾನು ಮುಖ ತಿರುಗಿಸಿದೆ. ಬಂದೂಕು ಹಿಡಿದು ನಿಂತವನೂ ನನ್ನ ಶಿಷ್ಯನೇ ಆಗಿದ್ದ."

ಅವರ ಭಯಕ್ಕೆ ಕಾರಣವಿಲ್ಲದಿರಲಿಲ್ಲ. ಎಲ್ಲ ಪಕ್ಷಗಳ ಕ್ರೌರ್ಯವನ್ನೂ ಬರೆದಿಟ್ಟ ಜಾಫ್ನಾ ವಿಶ್ವವಿದ್ಯಾನಿಲಯದ ವೈದ್ಯೆ ರಜನಿ ತಿರಣಗಾಮರನ್ನು 1989ರ ಸೆಪ್ಟೆಂಬರಿನಲ್ಲಿ ನಡುಬೀದಿಯಲ್ಲಿ ಗುಂಡಿಕ್ಕಿ ಕೊಂದಿದ್ದರು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಭಾರತದ ಸ್ತ್ರೀಪರ್ವವು ನೆನಪಿಗೆ ಬಂದಿತು. ಯುದ್ಧವು ಮುಗಿದು ಗಂಗೆಯ ದಡದಲ್ಲಿ ತರ್ಪಣಕ್ಕೆ ನಿಂತಾಗ, ಬಾಳೆಲ್ಲ ಮರೆಸಿಟ್ಟ ಮಾತನ್ನು ಕುಂತಿ ಹೊರಗೆಡಹುತ್ತಾಳೆ: ಕರ್ಣನು ನಿಮ್ಮ ಅಣ್ಣ, ಅವನಿಗೂ ನೀರು ಬಿಡಿರಿ. ಗೆದ್ದ ಧರ್ಮರಾಯನು ಅಲ್ಲಿ ಕುಸಿಯುತ್ತಾನೆ. ಶಾಂತಿಪರ್ವವು ಆರಂಭವಾಗುವುದು ಆ ಮಾತಿನ ತರುವಾಯವೇ. ಶಾಸ್ತ್ರದಲ್ಲಿ ತರ್ಪಣಕ್ಕೆ ಹೆಸರು ಬೇಕು, ಗೋತ್ರ ಬೇಕು. ಸರ್ಕಾರವು ಆ ತಾಯಿಗೆ ಕೊಡಬೇಕಾದ ಸಾಲ ಇದೇ: ಮಗನು ಏನಾದನೆಂಬ ನಿಜ. ಈ ಸಾಲಕ್ಕೆ ವಾಯಿದೆಯಿಲ್ಲ. ಆದರೆ ತಮಿಳರು ತಮ್ಮೊಳಗೆ ತೀರಿಸಿಕೊಳ್ಳಬೇಕಾದ ಸಾಲವೂ ಒಂದಿದೆ. ಅದಕ್ಕೆ ಯಾವ ಕಚೇರಿಯ ಅಪ್ಪಣೆಯೂ ಬೇಕಿಲ್ಲ.

ಬೆಳಗಾದೊಡನೆ ಮಿತ್ರರನ್ನು ಕೇಳಿದೆವು: "ಆ ಹುಡುಗ ಈಗೆಲ್ಲಿದ್ದಾನೆ?" ಪುತ್ತಳದಿಂದ ಮರಳಿ ಬಂದು ಅದೇ ಕೇರಿಯಲ್ಲಿ ಹೊಲಿಗೆಯ ಅಂಗಡಿಯಿಟ್ಟಿದ್ದಾನೆಂದರು. ತಾವು ಆ ದಾರಿಯನ್ನು ತಪ್ಪಿಸಿ ನಡೆಯುವುದಾಗಿಯೂ ಹೇಳಿದರು. ಬಹಳ ಹೊತ್ತು ಸುಮ್ಮನಿದ್ದು, ಶಲ್ಯವನ್ನು ಹೊದ್ದು ಎದ್ದರು. ನಾವು ಜೊತೆಗೆ ಹೋದೆವು.

ಅಂಗಡಿಯವನಿಗೆ ಕೂದಲು ನರೆತಿತ್ತು. ಮಿತ್ರರು ನಿಂತುಕೊಂಡೇ ಹೇಳಿದರು: "ಆ ದಿನ ನೀನು ಕರೆದದ್ದು ನನಗೆ ಕೇಳಿಸಿತ್ತು, ತಂಬಿ." ಅವನು ಹೊಲಿಗೆಯ ಯಂತ್ರವನ್ನು ನಿಲ್ಲಿಸಿದ. "ಕೇಳಿಸಿತ್ತೆಂದು ನನಗೆ ಗೊತ್ತಿತ್ತು, ಸಾರ್. ಅಮ್ಮ ಮಾತ್ರ, ಪಾಪ, ಅವರಿಗೆ ಕೇಳಿಸಿರಲಾರದು ಎನ್ನುತ್ತಿದ್ದಳು. ಪುತ್ತಳದಲ್ಲಿಯೇ ತೀರಿಕೊಂಡಳು." ಮಿತ್ರರು ಆಕೆಯ ಹೆಸರನ್ನು ಕೇಳಿದರು. ಅವನು ಹೇಳಿದ. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ; ಇವರೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದುರಿನ ಅಂಗಡಿಯಿಂದ ಮೂರು ಲೋಟ ಚಹ ತರಿಸಿದ.

ಯುದ್ಧವು ಮುಗಿದ ಊರಿನಲ್ಲಿ ನೋಡತಕ್ಕದ್ದೇನೆಂದು ಕೇಳಿದ ನಮ್ಮ ಮನೆಯವರಿಗೆ ಊರಿಗೆ ಬಂದ ಮೇಲೆ ಈ ಚಹದ ಸಂಗತಿಯನ್ನು ಹೇಳಿದೆವು. ಆ ದ್ವೀಪದ ತಾಯಂದಿರಿಗೆಲ್ಲ ತಮ್ಮ ಮಕ್ಕಳ ನಿಜವು ಬೇಗನೆ ತಿಳಿಯಲೆಂದು ಅವರು ದೇವರಿಗೆ ದೀಪ ಹಚ್ಚಿದರು.