ಕಿವಿಗೊಂದು ಬಿರಡೆ

ಮೋಟರ್‌ಸೈಕಲ್ ಮೇಲೆ ಹೋಗುವವರ ಕಿವಿ ಕೆಡಿಸುವುದು ಯಾವುದು ಎಂದು ಕೇಳಿದರೆ ಹೆಚ್ಚಿನವರು ಲಾರಿ ಹಾರ್ನ್ ಕಡೆಗೋ ಬುಲೆಟ್ಟಿನ ಸೈಲೆನ್ಸರ್ ಕಡೆಗೋ ಬೆರಳು ತೋರಿಸುತ್ತಾರೆ. ಅಸಲಿ ಆರೋಪಿ ಗಾಳಿ. ವೇಗ ಗಂಟೆಗೆ 60 ಕಿ.ಮೀ. ದಾಟಿತೆಂದರೆ ಹೆಲ್ಮೆಟ್ಟಿನ ಸುತ್ತ, ಅದರಲ್ಲೂ ಗದ್ದದ ಕೆಳಗೆ ಸುಳಿಯುವ ಗಾಳಿಯ ಸದ್ದು ಎಂಜಿನ್ನಿನ ಸದ್ದನ್ನು ನುಂಗತೊಡಗುತ್ತದೆ. 100ರ ವೇಗದಲ್ಲಿ ಹೆಲ್ಮೆಟ್ಟಿನ ಒಳಗೇ 95ರಿಂದ 100 ಡೆಸಿಬಲ್ ಆಸುಪಾಸು ಇರುತ್ತದೆ. ಎಷ್ಟು ದುಬಾರಿ ಹೆಲ್ಮೆಟ್ ಆದರೂ ಅದು ಕಾಯುವುದು ತಲೆಯನ್ನು, ಕಿವಿಯನ್ನಲ್ಲ.

ಡೆಸಿಬಲ್ ಲೆಕ್ಕ ನಮ್ಮ ಸಾದಾ ಲೆಕ್ಕದಂತಲ್ಲ. ಅಮೆರಿಕದ ನಯೋಶ್ ಸಂಸ್ಥೆಯ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬಲ್ ಏರಿದಾಗ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಬರೀ ಅರ್ಧ ಗಂಟೆ. ನಾನು ತಿಂಗಳಿಗೊಮ್ಮೆ ಪುಣೆಯಿಂದ ಇಚಲಕರಂಜಿಗೆ ಅಪ್ಪ ಅಮ್ಮನನ್ನು ನೋಡಲು ಬೈಕಿನಲ್ಲೇ ಹೋಗುತ್ತೇನೆ. ಸಾತಾರಾ, ಕರಾಡ ದಾಟಿ ಐದು ಗಂಟೆ ದಾರಿ. ಈ ಲೆಕ್ಕದಲ್ಲಿ ಖಂಬಾಟಕಿ ಘಾಟ್ ಹತ್ತುವ ಹೊತ್ತಿಗೇ ನನ್ನ ಕಿವಿಯ ಆ ದಿನದ ಪಾಲು ಮುಗಿದಿರುತ್ತದೆ.

ಅಪ್ಪ ಮೂವತ್ತು ವರ್ಷ ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವರು. ಊರು ಮಹಾರಾಷ್ಟ್ರದ್ದು, ಮನೆ ಮಾತು ಕನ್ನಡ. ಅವರಿಗೆ ಕಿವಿ ಕೇಳುವುದಿಲ್ಲ ಎನ್ನುವ ಹಾಗಿಲ್ಲ, ಯಾರೋ ಮಾತಾಡುತ್ತಿದ್ದಾರೆ ಎಂಬುದು ಚೆನ್ನಾಗಿ ಗೊತ್ತಾಗುತ್ತದೆ. ಏನು ಮಾತಾಡುತ್ತಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ನಾನು ದನಿ ಏರಿಸಿದರೆ, “ಜೋರ್ ಬ್ಯಾಡವ್ವಾ, ಬಿಡಿಸಿ ಹೇಳು” ಅನ್ನುತ್ತಾರೆ. ಹೋದ ವರ್ಷ “ಗಾಡಿ ಸಾಲ ಮುಗೀತಪ್ಪಾ” ಎಂದು ಖುಷಿಯಿಂದ ಫೋನ್ ಮಾಡಿದೆ. “ಹಾಲ ಮುಗದ್ರ ತಗೊಂಡ ಬಾ, ಅದಕ್ಯಾಕ ಫೋನು” ಅಂದರು.

ಭಾಷಾವಿಜ್ಞಾನ ಓದಿದವಳಿಗೆ ಇದರ ಕಾರಣ ಗೊತ್ತು, ಗೊತ್ತಿದ್ದೂ ನಗು ಬರಲಿಲ್ಲ. ಅತಿ ಸದ್ದಿನಿಂದ ಒಳಕಿವಿಯ ರೋಮಕೋಶಗಳು ಸಾಯುತ್ತವೆ, ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಈ ಬಗೆಯ ಕಿವುಡು ಮೊದಲು ಹಿಡಿಯುವುದು 3000ದಿಂದ 6000 ಹರ್ಟ್ಸ್ ನಡುವಿನ ಜಾಗವನ್ನು. ಸ್ವರಗಳ ಬಲವೆಲ್ಲ ಅದಕ್ಕಿಂತ ಕೆಳಗಿರುತ್ತದೆ, ಹಾಗಾಗಿ ಅವು ಉಳಿಯುತ್ತವೆ. ಸಕಾರದ ಸುಯ್ಯಿ, ತಕಾರದ ಚಿಟಕಿ ಮೇಲಿನ ಕಂಪನಗಳಲ್ಲಿವೆ, ಅವು ಹೋಗುತ್ತವೆ. ಸಾಲಿ, ತಾಳಿ, ಹಾಳಿ ಎಲ್ಲ ಒಂದೇ ಆಗಿಬಿಡುತ್ತವೆ.

ನನ್ನ ಅನ್ನವೂ ಅದೇ ಜಾಗದಲ್ಲಿದೆ. ಈಗ ಅನುವಾದವೆಂದರೆ ಪುಸ್ತಕವಷ್ಟೇ ಅಲ್ಲ. ಸಬ್‌ಟೈಟಲ್, ಸಂದರ್ಶನದ ಆಡಿಯೊ ಹೀಗೆ ಅರ್ಧ ಕೆಲಸ ಕಿವಿಯದ್ದು. ಮರಾಠಿಯಲ್ಲಿ ಬರೆಯುವಾಗ ಒಂದೇ ಆಗಿರುವ ಚಕಾರಕ್ಕೆ ಎರಡು ಉಚ್ಚಾರಗಳಿವೆ. ನಾಲ್ಕು ಎನ್ನುವ ‘ಚಾರ್’ನಲ್ಲಿ ನಮ್ಮ ಚ, ಗಾಲಿ ಎನ್ನುವ ‘ಚಾಕ್’ನಲ್ಲಿ ತ್ಸಕ್ಕೆ ಹತ್ತಿರದ ಸದ್ದು. ಇಂಥ ವ್ಯತ್ಯಾಸ ಹಿಡಿಯಲಾಗದ ದಿನ ನನ್ನ ಕಸುಬೂ ಕಷ್ಟವೇ.

ಶೆಡ್ಡಿನಲ್ಲಿ ಅಪ್ಪ ಕಿವಿಗೆ ಅರಳೆ ತುರುಕಿಕೊಳ್ಳುತ್ತಿದ್ದರು. ಬೈಕ್ ಓಡಿಸುವವರೂ ಇದನ್ನೇ ಮಾಡುವುದುಂಟು. ಅರಳೆಯಲ್ಲಿ ಗಾಳಿ ಆಡುತ್ತದೆ, ಗಾಳಿ ಆಡುವಲ್ಲಿ ಸದ್ದೂ ನುಸುಳುತ್ತದೆ. ಅದರಿಂದ ಹೆಚ್ಚು ಉಪಯೋಗವಿಲ್ಲ.

ಆಯ್ಕೆಗಳು ಮೂರು. ಫೋಮ್ ಇಯರ್‌ಪ್ಲಗ್ ಅಗ್ಗ, ಒಂದು ಜೊತೆಗೆ ಒಂದೆರಡು ಚಹಾದ ದುಡ್ಡು, ಸದ್ದನ್ನು ತಗ್ಗಿಸುವುದರಲ್ಲಿ ಬಲು ಗಟ್ಟಿ. ಎರಡನೆಯದು ನಡುವೆ ಸಣ್ಣ ಫಿಲ್ಟರ್ ಇರುವ ಸಿಲಿಕೋನ್ ಬಗೆ. ಕಡಿಮೆ ತಗ್ಗಿಸುತ್ತದೆ, ಮಾತು ಸ್ಪಷ್ಟವಾಗಿ ಬರುತ್ತದೆ, ತೊಳೆದು ಮತ್ತೆ ಹಾಕಿಕೊಳ್ಳಬಹುದು. ಮೂರನೆಯದು ಆಡಿಯಾಲಜಿಸ್ಟ್ ಬಳಿ ಕಿವಿಯ ಅಚ್ಚು ತೆಗೆಸಿ ಮಾಡಿಸುವುದು. ದುಬಾರಿ, ಆದರೆ ದಿನವಿಡೀ ಹೆಲ್ಮೆಟ್ ಹಾಕಿದರೂ ಒತ್ತುವುದಿಲ್ಲ. ಇಲ್ಲಿ ಒಂದು ಸಂಗತಿ ನೆನಪಿಡಿ: ಹೊರಗೆ ಚಾಚಿಕೊಂಡಿರುವ ಯಾವುದೂ ಬೇಡ. ಹೆಲ್ಮೆಟ್ ಇಳಿಸುವಾಗ ಅದು ಸರಿದು ಸಂದಿ ಬಿಡುತ್ತದೆ.

ಡಬ್ಬಿಯ ಮೇಲೆ ಎನ್‌ಆರ್‌ಆರ್ 33 ಎಂದಿದ್ದರೆ ಅಷ್ಟೂ ಸಿಗುತ್ತದೆ ಎಂದುಕೊಳ್ಳಬೇಡಿ. ಅದು ಪ್ರಯೋಗಾಲಯದ ಅಂಕಿ. ಅದರಲ್ಲಿ 7 ಕಳೆದು ಅರ್ಧ ಮಾಡಿ ಎನ್ನುವುದು ಅಮೆರಿಕದಲ್ಲಿ ರೂಢಿಯಲ್ಲಿರುವ ಎಚ್ಚರಿಕೆಯ ಲೆಕ್ಕ. ಅಂದರೆ 13. ಅಷ್ಟಾದರೂ 97 ಇದ್ದದ್ದು 84ಕ್ಕೆ ಇಳಿಯಿತು, ಅರ್ಧ ಗಂಟೆಯ ಪಾಲು ಎಂಟು ಗಂಟೆ ದಾಟಿತು. ಆದರೆ ಹಾಕುವ ಕ್ರಮ ಸರಿಯಿರಬೇಕು. ಫೋಮನ್ನು ಬತ್ತಿ ಹೊಸೆದಂತೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಒಳಗೆ ಸೇರಿಸಿ, ಉಬ್ಬುವ ತನಕ ಅರ್ಧ ನಿಮಿಷ ಬೆರಳಿನಿಂದ ಹಿಡಿಯಿರಿ. ಕೈ ಸ್ವಚ್ಛವಾಗಿರಲಿ. ಕಿವಿ ನೋವು, ಸೋರಿಕೆ ಇದ್ದವರು ಮೊದಲು ವೈದ್ಯರನ್ನು ಕಾಣಲಿ.

“ಹಾರ್ನ್ ಕೇಳಿಸದಿದ್ದರೆ?” ಎಲ್ಲರ ಪ್ರಶ್ನೆ ಇದು. ಹೆದ್ದಾರಿಯಲ್ಲಿ ಹಾರ್ನನ್ನು ಮುಚ್ಚುವುದೇ ಗಾಳಿ. ಇಯರ್‌ಪ್ಲಗ್ ಎರಡನ್ನೂ ಒಟ್ಟಿಗೆ ತಗ್ಗಿಸುತ್ತದೆ. ಗಾಳಿಯ ಭೋರ್ಗರೆತ ಇಳಿದಾಗ ಹಿಂದಿನ ಲಾರಿ ನನಗೆ ಮೊದಲಿಗಿಂತ ಬೇರೆಯಾಗಿ ತಿಳಿಯುತ್ತದೆ. ಊರೊಳಗಿನ ನಿಧಾನ ಸಂಚಾರದಲ್ಲಿ ತೆಗೆದಿಡುತ್ತೇನೆ. ಒಮ್ಮೆ ನಾಕಾದಲ್ಲಿ ಪೊಲೀಸರೊಬ್ಬರು “ಗಾಣೀ ಐಕತಾಯ್ ಕಾ?” ಎಂದು ತಡೆದರು. ಹಾಡು ಕೇಳುತ್ತಿಲ್ಲ ಎಂದು ಕಿತ್ತಳೆ ಬಣ್ಣದ ಫೋಮ್ ತೆಗೆದು ತೋರಿಸಿದೆ. ತಿರುಗಿಸಿ ನೋಡಿ, ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಅವರು ಇಡೀ ದಿನ ಅದೇ ನಾಕಾದಲ್ಲಿ ನಿಲ್ಲುವವರು.

ಇದಕ್ಕೆ ಕನ್ನಡದಲ್ಲಿ ನಾನು ‘ಬಿರಡೆ’ ಅನ್ನುತ್ತೇನೆ. ಸೀಸೆಯ ಬಾಯಿ ಮುಚ್ಚುವುದೂ ಬಿರಡೆ, ವೀಣೆಯ ತಂತಿ ಬಿಗಿ ಮಾಡಿ ಸಡಿಲ ಮಾಡಿ ಶ್ರುತಿ ಕೂಡಿಸುವುದೂ ಬಿರಡೆ. ಕಿವಿಗೆ ಬೇಕಾದದ್ದು ಎರಡನೆಯದು.

ಕಳೆದ ಸಲ ಊರಿಗೆ ಹೋದಾಗ ಒಂದು ಡಬ್ಬಿ ಫೋಮ್ ಒಯ್ದು ಕಾಕಾನ ಮಗನ ಶೆಡ್ಡಿನಲ್ಲಿ ಹಂಚಿದೆ. “ಎಳಿ ಹರದ್ರ ಹೆಂಗ ಗೊತ್ತಾಗಬೇಕಕ್ಕಾ?” ಎಂದು ಒಬ್ಬ ಹುಡುಗ ಕೇಳಿದ. ಅದೂ ಹಾರ್ನಿನ ಪ್ರಶ್ನೆಯೇ. ಒಂದು ಪಾಳಿ ಹಾಕಿ ನೋಡು ಎಂದೆ. ಆರು ಜನರಲ್ಲಿ ಇಬ್ಬರು ಈಗಲೂ ಹಾಕುತ್ತಿದ್ದಾರಂತೆ. ಮುಂದಿನ ತಿಂಗಳು ಉಳಿದ ನಾಲ್ವರಿಗೆ ಫಿಲ್ಟರ್ ಇರುವುದನ್ನು ಒಯ್ಯಬೇಕು.